ತವರಿನ ಗಾಳಿ ಹಿಡಿದ ಡಬ್ಬಿ

"ಏ ಹುಮೇರಾ! ಏ ತಾಬಿಶ್! ಲೇ, ಗಲ್ಲಿ ಆ ತುದಿಯೋರು, ಈ ತುದಿಯೋರು, ಎಲ್ಲಾ ಬರ್ರಿ, ಕುಂತ್ಕಳ್ರಿ! ಫೋನ್ ಕಿವಿಗೆ ಹಚ್ಕಳ್ರಿ! ನಾನು ಫಾಜಿಲ್. ವಾಯ್ಸ್ ನೋಟು ಉದ್ದ ಐತೆ ಅಂತ ಎರಡರ ಸ್ಪೀಡಿಗೆ ಹಾಕ್ಬ್ಯಾಡ್ರಿ. ಇದು ಓಡಿಸೋ ಅಂಥ ಕಥೆ ಅಲ್ಲ."

ಇದು ನನ್ನ ಜೊತೆ ಕೆಲಸ ಮಾಡುವ ಮಂಗಳಕ್ಕನ ಕಥೆ. ಅವಳನ್ನು ನೀವು ನೋಡಿರುತ್ತೀರಿ. ಚಂದ್ರವಳ್ಳಿ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ರಂಗೇಶಣ್ಣನ ಹೆಂಡತಿ. ಹೆಗಲಿಗೆ ಯಾವಾಗಲೂ ಒಂದು ಖಾಕಿ ಚೀಲ, ಚೀಲದ ತುಂಬ ಡಬ್ಬಿಗಳು. ನನ್ನ ಹೆಗಲಿಗೂ ಅಂಥದೇ ಚೀಲ. "ಮಗ ಏನ್ ಮಾಡ್ತಾನೆ?" ಎಂದು ಯಾರಾದರೂ ಕೇಳಿದರೆ ನಮ್ಮ ಅಬ್ಬಾ ಜಮಾಲ್ ಸಾಬರು "ಊರೂರು ಸುತ್ತಿ ಡಬ್ಬಿ ಕಟ್ತಾನೆ" ಎನ್ನುತ್ತಾರೆ. ಕೇಳಿದವರು ಊಟದ ಡಬ್ಬಿ ಎಂದುಕೊಂಡು ಸುಮ್ಮನಾಗುತ್ತಾರೆ.

ಡಬ್ಬಿ ಯಾಕೆ ಕಟ್ಟುತ್ತೇವೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಬಂಡೆಯಲ್ಲಿ, ಮಣ್ಣಿನಲ್ಲಿ ಚೂರುಪಾರು ಯುರೇನಿಯಂ ಇರುತ್ತದೆ. ಹೆದರಬೇಡಿ, ಭೂಮಿಯ ಮೇಲೆ ಎಲ್ಲ ಕಡೆಯೂ ಇರುತ್ತದೆ. ಅದು ಸವೆಯುತ್ತಾ ಸವೆಯುತ್ತಾ ರೇಡಾನ್ ಎಂಬ ಅನಿಲ ಹುಟ್ಟಿ ನೆಲದ ಬಿರುಕಿನಿಂದ ಮೇಲೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಹಾರಿಹೋಗುತ್ತದೆ. ಕಿಟಕಿ ಇಲ್ಲದ ಕೋಣೆಗೆ ಬಂದರೆ ನೆಂಟರ ಹಾಗೆ ಕೂತುಬಿಡುತ್ತದೆ. ಅಂಥ ಗಾಳಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಅದರ ವಿಕಿರಣ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ತದೆ. ಯಾವ ಮನೆಯಲ್ಲಿ ಎಷ್ಟಿದೆ ಎಂದು ನೋಡುವುದು ನಮ್ಮ ಕಾಲೇಜಿನ ಪ್ರಾಜೆಕ್ಟು. ಅದರ ಯಜಮಾನಿ ಬೃಂದಾ ಮೇಡಂ. ಕಾಲಾಳುಗಳು ಮಂಗಳಕ್ಕ ಮತ್ತು ನಾನು.

ಡಬ್ಬಿಯೊಳಗೆ ಅಂಚೆಚೀಟಿಯಷ್ಟು ಅಗಲದ ಒಂದು ಫಿಲ್ಮಿನ ತುಂಡು ಇರುತ್ತದೆ. ಜನ ಮಲಗುವ ಕೋಣೆಯ ತೊಲೆಗೆ, ಗೋಡೆಗೆ ತಾಗದ ಹಾಗೆ ದಾರ ಕಟ್ಟಿ ಅದನ್ನು ಇಳಿಬಿಡಬೇಕು. ಮೂರು ತಿಂಗಳು ಯಾರೂ ಮುಟ್ಟಬಾರದು. ಆಮೇಲೆ ಬಿಚ್ಚಿ ತಂದು ಫಿಲ್ಮನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ವಿಕಿರಣ ಬಡಿದ ಜಾಗದಲ್ಲೆಲ್ಲ ಸಣ್ಣ ಸಣ್ಣ ಗುಳಿ ಏಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಗುಳಿ ಎಣಿಸಿದರೆ ಆ ಮನೆಯ ಗಾಳಿಯ ಜಾತಕ ಸಿಕ್ಕಿತು.

ಮನೆಯೊಳಗೆ ಹೋಗಿ ಮಾತಾಡಿಸುವುದರಲ್ಲಿ ಮಂಗಳಕ್ಕನನ್ನು ಮೀರಿಸುವವರಿಲ್ಲ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ "ಯಾವ ಕಂಪನಿ? ಕರೆಂಟ್ ಬಿಲ್ಲಾ?" ಎಂದು ಕೇಳುವ ಹೆಂಗಸರು ಅವಳನ್ನು ನೋಡಿದರೆ "ಬಾರವ್ವ ಒಳಗೆ" ಎನ್ನುತ್ತಾರೆ. ಒಂದೇ ತೊಂದರೆ ಎಂದರೆ ಹೋದವಳು ಬೇಗ ಹೊರಗೆ ಬರುವುದಿಲ್ಲ. ಹಿರಿಯೂರಿನಲ್ಲಿ ಹೊಳೆ ಕಡೆಯ ಒಂದು ಮನೆಗೆ ಹೋಗಿದ್ದೆವು. ಗಂಡನ ಮನೆಯಿಂದ ಬಂದಿದ್ದ ಮಗಳನ್ನು ಆ ಮನೆಯ ತಾಯಿ ಕೂರಿಸಿಕೊಂಡು ಬೈಯುತ್ತಿದ್ದರು.

"ಕೈ ನೋಡು, ಕಡ್ಡಿ ಆಗೈತೆ. ಅಲ್ಲಿ ಅನ್ನ ಬೇಯಿಸಲ್ವ? ತಿನ್ನು, ಇನ್ನೊಂದು ರೊಟ್ಟಿ ತಿನ್ನು."

"ಸಾಕು ಬಿಡಮ್ಮ, ಹೊಟ್ಟೆ ಒಡೀತೈತೆ."

"ಒಡೀಲಿ. ಹೊಲಿಯಾಕೆ ನಾನಿದೀನಿ."

ಮಂಗಳಕ್ಕ ದಾರ ಹಿಡಿದವಳು ಹಾಗೇ ನಿಂತಿದ್ದಳು. ಡಬ್ಬಿ ಸುತ್ತುತ್ತಾ ದಾರವೆಲ್ಲ ಮುರುಟಿಕೊಂಡಿತು. "ಅಕ್ಕಾ, ಬಸ್ಸು ಹೋಗ್ತೈತೆ" ಎಂದೆ. "ಹೋಗ್ಲಿ ಬಿಡೋ, ಇನ್ನೊಂದು ಬರ್ತೈತೆ" ಎಂದಳು. ಆ ತಾಯಿ ನಮಗೂ ಒಂದೊಂದು ರೊಟ್ಟಿ ಕೊಟ್ಟರು. ನಾನು ತಿಂದೆ. ಮಂಗಳಕ್ಕ ತನ್ನದನ್ನು ಕೈಯಲ್ಲೇ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಬಂದಳು. ಹಸಿವಿಲ್ಲವೇನೋ ಎಂದು ನಾನು ಅದನ್ನೂ ಇಸಿದುಕೊಂಡು ತಿಂದೆ.

ಹೊಸದುರ್ಗದ ಕಡೆ ಕಲ್ಲು ಚಪ್ಪಡಿ ಹೊದಿಸಿದ, ಮಣ್ಣು ನೆಲದ ಹಳೆಯ ಮನೆಗಳು ಬೇಕೆಂದು ಬೃಂದಾ ಮೇಡಂ ಹೇಳಿದಾಗ ಮಂಗಳಕ್ಕನೇ ಬಾಗೂರಿನ ಒಂದು ಮನೆಯ ಹೆಸರು ಕೊಟ್ಟಳು. "ಸಣ್ಣಪ್ಪನೋರ ಮನೆ. ನಂಗೆ ಗೊತ್ತಿರೋರು" ಎಂದಳು, ಅಷ್ಟೇ. ಇಬ್ಬರೂ ಹೋದೆವು. ಬಾಗೂರಿನಲ್ಲಿ ಬಸ್ಸಿಳಿದ ಮೇಲೆ ಅವಳು ಟೀ ಅಂಗಡಿಯ ಬೆಂಚು ಬಿಟ್ಟು ಏಳಲಿಲ್ಲ.

"ತಲೆ ನೋಯ್ತೈತೆ ಕಣೋ. ನೀನೊಬ್ನೇ ಹೋಗಿ ಬಾ. ನಡುಮನೆ ದಾಟಿದ್ರೆ ಎಡಕ್ಕೆ ಕೋಣೆ. ಬಾಗ್ಲು ಗಿಡ್ಡ, ತಲೆ ಬಗ್ಗಿಸು. ಒಳಗೆ ಕತ್ಲೆ ಇರ್ತೈತೆ. ಎರಡನೇ ತೊಲೆಗೆ ಒಂದು ಕಬ್ಬಿಣದ ಕೊಕ್ಕೆ ಐತೆ, ತೊಟ್ಲು ಕಟ್ಟಿದ್ದು. ಅದಕ್ಕೇ ಕಟ್ಟು."

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೋದೆ. ಮನೆಯೊಡತಿ ಮುದ್ದಕ್ಕ ಬಾಗಿಲು ತೆಗೆದರು. ವಿಷಯ ಹೇಳಿದೆ. ಒಳಗೆ ಬಂದು, ನಡುಮನೆ ದಾಟಿ, ಎಡಕ್ಕೆ ತಿರುಗಿ, ತಲೆ ಬಗ್ಗಿಸಿ, ಕತ್ತಲಲ್ಲಿ ನೇರವಾಗಿ ಕೈ ಮೇಲೆತ್ತಿದೆ. ಕೊಕ್ಕೆ ಕೈಗೆ ಸಿಕ್ಕಿತು.

ಹಿಂದೆ ಮುದ್ದಕ್ಕನ ದನಿ ಕೇಳಿತು: "ಅಲ್ಲಪ್ಪ, ಅಲ್ಲಿ ಕೊಕ್ಕೆ ಐತೆ ಅಂತ ನಿಂಗೆ ಯಾರು ಹೇಳಿದ್ರು?"

"ನಮ್ಮ ಮಂಗಳಕ್ಕ ಹೇಳಿದ್ರಮ್ಮ. ಟೀ ಅಂಗಡಿ ಹತ್ರ ಕುಂತವ್ರೆ."

ದಾರ ಕಟ್ಟಿ ತಿರುಗಿ ನೋಡಿದರೆ ಮುದ್ದಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದರು. "ಗಟ್ಟಿಯಾಗಿ ಕಟ್ಟಪ್ಪ, ಬೀಳಬಾರ್ದು" ಎಂದರು. ಅಷ್ಟರಲ್ಲಿ ಹೊರಗಿನಿಂದ ಯಜಮಾನರ ಕೆಮ್ಮು ಕೇಳಿಸಿತು. ಮುದ್ದಕ್ಕ ನನ್ನನ್ನು ಬೇಗ ಬೇಗ ಕಳಿಸಿಬಿಟ್ಟರು.

ಟೀ ಅಂಗಡಿಗೆ ಮರಳಿದ್ದೇ ತಡ, ಪ್ರಶ್ನೆ ಮೇಲೆ ಪ್ರಶ್ನೆ.

"ಗೋಡೆಗೆ ಸುಣ್ಣ ಹೊಡ್ದಿದಾರಾ?"

"ಹೊಡ್ದಿರ್ಬೇಕು."

"ಹೊಡ್ದಿರ್ಬೇಕು ಅಂದ್ರೆ? ನೋಡಿದೆಯೋ ಇಲ್ವೋ? ಯಾವ ಸೀರೆ ಉಟ್ಟಿದ್ರು?"

"ಸೀರೆ... ಬಣ್ಣದ್ದು."

"ನಿನ್ನ ಕಣ್ಣಿಗೆ ಬೆಂಕಿ ಹಾಕ! ತೆಳ್ಳಗೆ ಆಗಿದಾರಾ? ಮಂಡಿ ನೋವು ಅಂತ ಕುಂಟ್ತಿದ್ರಾ?"

"ಅಕ್ಕಾ, ಮೊದ್ಲು ಹೆಂಗಿದ್ರು ಅಂತ ನಂಗೇನು ಗೊತ್ತು? ಅವ್ರು ನಿಮಗೆ ಏನಾಗ್ಬೇಕು?"

ಆಗ ಹೇಳಿದಳು. ಆರು ವರ್ಷದ ಹಿಂದೆ ಅವಳು ಬೇರೆ ಜಾತಿಯ ರಂಗೇಶಣ್ಣನನ್ನು ಮದುವೆಯಾದಾಗ ಅಪ್ಪ ಸಣ್ಣಪ್ಪ ಜಗಳ ಮಾಡಲಿಲ್ಲ, ಹೊಡೆಯಲಿಲ್ಲ. "ಈ ಹೊಸ್ತಿಲು ಇನ್ನ ತುಳೀಬ್ಯಾಡ" ಎಂದರಂತೆ. ಆ ಮನೆಯಲ್ಲಿರುವುದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಅಮ್ಮನ ದನಿ ಕೇಳಬೇಕೆಂದರೆ ಊರಿನವರ ಯಾವುದಾದರೂ ಮದುವೆಗೆ ಅಮ್ಮ ಬಂದಾಗ ಅಲ್ಲಿದ್ದವರು ಯಾರಾದರೂ ಫೋನು ಹಿಡಿದುಕೊಡಬೇಕು.

"ನಾನಂತೂ ಹೋಗಂಗಿಲ್ಲ. ಡಬ್ಬಿನಾದ್ರೂ ಹೋಗಿ ಒಳಗಿರ್ಲಿ ಅನ್ನಿಸ್ತು ಕಣೋ" ಎಂದಳು. ಹಾಗೆಂದು ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

ಆ ಮೂರು ತಿಂಗಳು ಅವಳು ನನ್ನನ್ನು ಸುಮ್ಮನೆ ಬಿಡಲಿಲ್ಲ. ಹೊಳಲ್ಕೆರೆಯಲ್ಲಿ ಮಳೆ ಬಂದರೆ "ಬಾಗೂರಿನಾಗೂ ಬಂದಿರ್ತೈತೆ, ಕೋಣೆ ಮೂಲೆ ಸೋರ್ತೈತೆ, ಡಬ್ಬಿಗೆ ನೀರು ಬಿದ್ದಿರ್ಬಾರ್ದು" ಎನ್ನುವಳು. ಬಿಸಿಲು ಹೆಚ್ಚಾದರೆ "ಈಗ ಜಗಲಿ ಮೇಲೆ ಮಲ್ಗಿರ್ತಾರೆ" ಎನ್ನುವಳು. ಬೇರೆಯವರ ಮನೆಯ ಡಬ್ಬಿಗಳನ್ನು ಬಿಚ್ಚುವಾಗಲೂ ಅವಳ ಮನಸ್ಸು ಅಲ್ಲೇ.

ಬಿಚ್ಚುವ ದಿನ ಬಂತು. ಅವತ್ತೂ ಅವಳು ಟೀ ಅಂಗಡಿಯ ಬೆಂಚು, ನಾನು ಮನೆ. ಸಣ್ಣಪ್ಪ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಮುದ್ದಕ್ಕ ಹಿತ್ತಲ ಕಡೆಯಿಂದ ಬಂದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಡಬ್ಬಿಯನ್ನು ಬಾಗಿಲಲ್ಲೇ ನನ್ನ ಕೈಗಿಟ್ಟರು.

"ಅಮ್ಮಾ, ನಾನೇ ಬಿಚ್ಬೇಕಿತ್ತು. ಹೊಸಾದು ಕಟ್ತೀನಿ, ತಡೀರಿ."

"ಹೊಸಾದೂ ಬ್ಯಾಡ, ಹಳೇದೂ ಬ್ಯಾಡ" ಎಂದರು ಸಣ್ಣಪ್ಪ, ನನ್ನ ಮುಖ ನೋಡದೆ. "ಟೀ ಅಂಗಡಿ ಹತ್ರ ಯಾರು ಕುಂತವ್ರೆ, ಯಾರು ಕಳ್ಸಿದ್ದು ಅಂತ ನಂಗೊತ್ತೈತೆ. ಇನ್ನ ಈ ಕಡೆ ಬರ್ಬ್ಯಾಡಪ್ಪ."

ಟೀ ಅಂಗಡಿಯಲ್ಲಿ ಮಂಗಳಕ್ಕ ಆ ಸೀರೆ ತುಂಡನ್ನು ಬಿಡಿಸಿ, ಮಡಚಿ, ತನ್ನ ಚೀಲಕ್ಕೆ ಹಾಕಿಕೊಂಡಳು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, "ಹಸಿ ಮಣ್ಣಿನ ವಾಸ್ನೆ ಬರ್ತೈತೆ. ನಮ್ಮ ಕೋಣೆ ಹೊಗೆ ವಾಸ್ನೆ ಬರ್ಬೇಕಿತ್ತು" ಎಂದಳು. ಹೊಸ ಡಬ್ಬಿ ಕಟ್ಟಲು ಬಿಡಲಿಲ್ಲ ಎಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದವಳು ಚಿತ್ರದುರ್ಗ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಆ ಫಿಲ್ಮನ್ನು ಅವಳೇ ತೊಳೆದಳು, ಬೇರೆ ಯಾರಿಗೂ ಬಿಡಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಒಮ್ಮೆ ಎದ್ದು ಗಾಜು ಒರೆಸಿದಳು. ಮತ್ತೆ ನೋಡಿದಳು. "ಫಾಜಿಲ್, ನೀನು ನೋಡು" ಎಂದಳು. ನಾನು ನೋಡಿದೆ. ಬೇರೆ ಮನೆಗಳ ಫಿಲ್ಮಿನಲ್ಲಿ ಗುಳಿಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಇದರಲ್ಲಿ ಧೂಳಿನ ಮೇಲೆ ಮಳೆಹನಿ ಬಿದ್ದ ಹಾಗೆ ಒಂದರ ಮೇಲೊಂದು ಹತ್ತಿಕೊಂಡು ಕೂತಿದ್ದವು. ಎಣಿಸಲು ಆಗುವಂತೆಯೇ ಇರಲಿಲ್ಲ.

ಬೃಂದಾ ಮೇಡಂ ಬಂದು ನೋಡಿದರು.

"ಇದನ್ನ ಹಿಂಗೇ ಬರೆಯೋಕಾಗಲ್ಲ. ಒಂದೋ, ಆ ಮನೆ ಗಾಳಿ ನಿಜವಾಗ್ಲೂ ಇಷ್ಟು ಕೆಟ್ಟದಾಗಿದೆ. ಇಲ್ಲಾ, ಡಬ್ಬಿ ಇರಬಾರದ ಕಡೆ ಇತ್ತು. ಹೋಗಿ ನೋಡ್ಬೇಕು. ಮೊದಲನೇದೇ ಆಗಿದ್ರೆ ಆ ಮನೆಯವರಿಗೆ ಕೂಡ್ಲೇ ಹೇಳ್ಬೇಕು. ಆ ಕೋಣೇಲಿ ಮಲಗೋದು ಬಿಟ್ಟು, ಕಿಟಕಿ ತೆಗೆಸಿ, ನೆಲದ ಬಿರುಕು ಮುಚ್ಚಿಸ್ಬೇಕು."

"ಅಪ್ಪಂಗೆ ಕೆಮ್ಮು ಐತೆ ಮೇಡಂ" ಎಂದಳು ಮಂಗಳಕ್ಕ.

"ಯಾರ ಅಪ್ಪಂಗೆ?"

ಆಗ ಮೇಡಂಗೂ ವಿಷಯ ಗೊತ್ತಾಯಿತು. ಅವರು ಅವಳನ್ನು ಕೂರಿಸಿ ಹೇಳಿದರು: "ಕೆಮ್ಮು ಇದರಿಂದ್ಲೇ ಬಂತು ಅನ್ಕೋಬೇಡ. ಕೆಮ್ಮಿಗೆ ನೂರು ಕಾರಣ. ಆದ್ರೆ ಇಷ್ಟಿದ್ರೆ ಮುಂದೆ ಒಳ್ಳೇದಲ್ಲ, ಅದಂತೂ ನಿಜ. ಫಾಜಿಲ್ ಒಬ್ನೇ ಮೀಟರ್ ತಗೊಂಡು ಹೋಗ್ಲಾ?"

"ಇವ್ನ ಮಾತು ಕೇಳಿ ಅಪ್ಪ ಕೋಣೆ ಬಿಡಲ್ಲ ಮೇಡಂ. ನನ್ನ ಮಾತೂ ಕೇಳಲ್ಲ. ಆದ್ರೆ ನಾನೇ ಬಂದು ನಿಂತೀನಿ ಅಂದ್ರೆ, ವಿಷ್ಯ ದೊಡ್ದು ಅಂತನಾದ್ರೂ ಗೊತ್ತಾಗ್ತೈತೆ."

ಮೀಟರ್ ಎಂದರೆ ಕೋಣೆಯ ಗಾಳಿಯನ್ನು ಎಳೆದುಕೊಂಡು ಅಲ್ಲೇ ಲೆಕ್ಕ ತೋರಿಸುವ ಪೆಟ್ಟಿಗೆ. ಕುಲುಕಬಾರದೆಂದು ಮಂಗಳಕ್ಕ ಅದನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ "ಟೀ ಕುಡಿಯೋಣ್ವಾ?" ಎಂದೆ. ಬೇಡವೆಂದಳು. ಹೊಸದುರ್ಗದಲ್ಲಿ ಇನ್ನೊಂದು ಬಸ್ಸು ಹಿಡಿಯುವಾಗ ಕೇಳಿದೆ: "ಅಕ್ಕಾ, ಒಳಗೆ ಬಾ ಅಂದ್ರೆ ಏನ್ ಮಾಡ್ತೀರಿ?" "ಅನ್ನಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, ನಾನು ಮತ್ತೇನೂ ಕೇಳದಿದ್ದರೂ, "ಅಂದ್ರೆ ಮೊದ್ಲು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ನಾನೇ ತಗೊಂಡು ಕುಡೀತೀನಿ. ಯಾರನ್ನೂ ಕೇಳ್ದೆ" ಎಂದಳು.

ಬಾಗೂರಿನಲ್ಲಿ ಟೀ ಅಂಗಡಿಯ ಬೆಂಚು ದಾಟಿ ನಡೆದೆವು. ಸಣ್ಣಪ್ಪ ಮನೆ ಮುಂದೆ ಹಾರೆ ನೆಟ್ಟುಕೊಂಡು ತೆಂಗಿನಕಾಯಿ ಸುಲಿಯುತ್ತಿದ್ದರು. ಮಗಳನ್ನು ನೋಡಿದರು. ಕೈಯಲ್ಲಿದ್ದ ಕಾಯಿಯನ್ನು ಹಾರೆಗೆ ಒತ್ತಿ ಪೂರ್ತಿ ಸುಲಿದು, ಪಕ್ಕಕ್ಕಿಟ್ಟು, ಆಮೇಲೆ ನನ್ನ ಕಡೆ ತಿರುಗಿದರು.

"ಏನಪ್ಪ, ಬರ್ಬ್ಯಾಡ ಅಂದ್ರೆ ಜೊತೆಗೆ ಇನ್ನೊಬ್ರನ್ನ ಕರ್ಕಂಬಂದಿದ್ದೀಯಲ್ಲ?"

"ಯಜಮಾನ್ರೇ, ನಿಮ್ಮನೆ ಗಾಳಿ ನೋಡ್ಬೇಕಿತ್ತು."

"ನಮ್ಮನೆ ಗಾಳಿ ನಮಗೆ ಗೊತ್ತೈತೆ. ಹುಟ್ಟಿದಾಗಿಂದ ಉಸಿರಾಡ್ತಿಲ್ವ?"

ಮಂಗಳಕ್ಕ ನನಗೆ ಹೇಳಿದಳು: "ಫಾಜಿಲ್, ಡಬ್ಬಿಯಾಗೆ ಏನು ಕಂಡ್ತು ಅಂತ ಹೇಳು."

ಫಿಲ್ಮನ್ನು ಸೋಡಾ ನೀರಿನಲ್ಲಿ ತೊಳೆದದ್ದು, ಗುಳಿ ಕಂಡದ್ದು ಎಲ್ಲ ಹೇಳಿದೆ. ಸಣ್ಣಪ್ಪ ನನಗೇ ಹೇಳಿದರು: "ಇಲ್ಲಿಗೆ ಬರಾಕೆ ಏನೋ ಒಂದು ನೆವ ಬೇಕಿತ್ತು, ಹುಡುಕ್ಕಂಡವ್ರೆ ಅಂತ ಹೇಳಪ್ಪ."

"ನೆವ ಅಲ್ಲ ಅಂತ ಹೇಳು ಫಾಜಿಲ್."

ಇಬ್ಬರ ನಡುವೆ ನಾನು ಟೆಲಿಫೋನ್ ಕಂಬದ ಹಾಗೆ ನಿಂತಿದ್ದೆ. ಮುದ್ದಕ್ಕ ಬಾಗಿಲಿಗೆ ಬಂದರು. ಮಗಳನ್ನು ಕಂಡು ಒಂದು ಹೆಜ್ಜೆ ಮುಂದಿಟ್ಟವರು ಗಂಡನ ಬೆನ್ನು ನೋಡಿ ಹೊಸ್ತಿಲ ಮೇಲೇ ನಿಂತರು. ಅದನ್ನು ಮಂಗಳಕ್ಕ ಕಂಡಳು. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ.

"ಅಪ್ಪಾ" ಎಂದಳು. "ನಾನು ಒಳಗೆ ಬರಲ್ಲ. ಬರ್ತೀನಿ ಅಂತ ಯಾವತ್ತೂ ಕೇಳಲ್ಲ. ಈ ಹುಡುಗ ಮೀಟರ್ ತಗೊಂಡು ಕೋಣೆಗೆ ಹೋಗ್ಲಿ. ನಾನು ಇಲ್ಲೇ ಬೀದಿಯಾಗೆ ನಿಂತಿರ್ತೀನಿ. ಗಾಳಿ ಕೆಟ್ಟೈತೆ ಅಂತ ತೋರಿಸಿದ್ರೆ ನೀವಿಬ್ರೂ ಅಲ್ಲಿ ಮಲಗ್ಬ್ಯಾಡ್ರಿ. ಇದೊಂದು ಮಾತು ಕೇಳು."

ಸಣ್ಣಪ್ಪ ಇನ್ನೊಂದು ಕಾಯಿ ತೆಗೆದುಕೊಂಡರು. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದೆ.

ಮೀಟರಿಗೆ ಒಂದು ಗಂಟೆ ಬೇಕು. ಕೋಣೆಯ ಕಿಂಡಿಯಿಂದ ಬೀದಿ ಕಾಣುತ್ತಿತ್ತು. ಮಂಗಳಕ್ಕ ಬಿಸಿಲಿನಲ್ಲೇ ನಿಂತಿದ್ದಳು. ನೆರಳಿದ್ದುದು ಜಗಲಿಯಲ್ಲಿ ಮಾತ್ರ. ಮುದ್ದಕ್ಕ ಕೋಣೆಗೆ ಬಂದು, ನನ್ನ ಹಿಂದೆ ನಿಂತು, ಅದೇ ಕಿಂಡಿಯಿಂದ ನೋಡಿದರು.

"ತೆಳ್ಳಗಾಗವ್ಳೆ" ಎಂದರು.

"ಇಲ್ಲಮ್ಮ, ಮೊದ್ಲಿಂದ ಹಂಗೇ."

"ನೀನೇನು ಕಂಡಿದೀಯ ಮೊದ್ಲಿಂದ? ಸುಮ್ನಿರು."

ಗಂಟೆಯಾಯಿತು. ಮೀಟರಿನ ಲೆಕ್ಕ ನೋಡಿದೆ. ನಂಬಿಕೆಯಾಗದೆ ಮತ್ತೊಮ್ಮೆ ನೋಡಿ ಕಿಂಡಿಯಿಂದ ಕೂಗಿದೆ: "ಅಕ್ಕಾ! ಏನೂ ಇಲ್ಲ! ಎಲ್ಲಾ ಮನೆ ಥರಾನೇ ಐತೆ!"

ಬೀದಿಯಲ್ಲಿ ಅವಳು ಚೀಲ ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿತು. "ಹಂಗಾದ್ರೆ ಡಬ್ಬಿ ಎಲ್ಲಿತ್ತು?"

ನಾನು ಮುದ್ದಕ್ಕನ ಮುಖ ನೋಡಿದೆ. ಅವರು ನೆಲ ನೋಡಿದರು. ನಾವು ಹೊರಗೆ ಬಂದಾಗ ಸಣ್ಣಪ್ಪನೂ ಸುಲಿಯುವುದು ನಿಲ್ಲಿಸಿದ್ದರು.

"ಡಬ್ಬಿ ಎಲ್ಲಿತ್ತು ಅಂದ್ರೆ?" ಎಂದರು. "ಇವ್ರು ಕಟ್ಟಿ ಹೋದ ದಿನಾನೇ ತಿಪ್ಪೆಗೆ ಎಸೆಯೇ ಅಂದಿದ್ದೆ. ಎಸೆದ್ಲು ಅನ್ಕಂಡಿದ್ದೆ. ಮೂರು ತಿಂಗ್ಳಾದ ಮೇಲೆ ನೋಡಿದ್ರೆ ಇವ್ಳ ಕೈಯಾಗೇ ಐತೆ. ಎಲ್ಲಿಟ್ಟಿದ್ದೆ?"

ಮುದ್ದಕ್ಕ ಸೆರಗಿನ ತುದಿ ಹಿಂಡುತ್ತಾ ಹೇಳಿದರು: "ಹಗೇವಿನಾಗೆ."

ಹಗೇವು ಎಂದರೆ, ಪೇಟೆಯ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹಿಂದಿನವರು ರಾಗಿ ಹುಳ ಹಿಡಿಯದ ಹಾಗೆ ಇಡಲು ಆಳೆತ್ತರ ನೆಲದೊಳಗೆ ತೋಡಿದ ಗುಂಡಿ. ಮೇಲೆ ಒಂದು ಚಿಕ್ಕ ಬಾಯಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಈಗ ಯಾರೂ ಬಳಸುವುದಿಲ್ಲ. ಇವರ ಮನೆಯದು ಹಿತ್ತಿಲಿನಲ್ಲಿತ್ತು.

"ಹಗೇವಿನಾಗ? ಮುಚ್ಚಿದ್ದ ಕಲ್ಲು ನೀನೊಬ್ಳೇ ಎತ್ತಿದೆಯಾ?"

"ಹಾರೆ ಹಾಕಿ ಸರಿಸ್ದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಒಳಗೆ ಇಳಿದಿದ್ರೆ ಉಸಿರು ಕಟ್ಟಿ ಅಲ್ಲೇ ಹೋಗ್ತಿದ್ದೆ!"

"ಇಳೀಲಿಲ್ಲ. ದಾರ ಕಟ್ಟಿ ಬಿಟ್ಟೆ. ನಂಗೊತ್ತಿಲ್ವ ಹಗೇವು?" ಮುದ್ದಕ್ಕನ ದನಿ ಏರಿತು. "ನೀನು ತಿಪ್ಪೆಗೆ ಎಸಿ ಅಂದೆ. ಅವ್ಳ ಕೈಯಿಂದ ಬಂದಿದ್ದು ಅದು. ತಿಪ್ಪೆಗೆ ಹೆಂಗೆ ಎಸೀಲಿ? ಅಟ್ಟದ ಮೇಲಿಟ್ರೆ ನಿನ್ನ ಕಣ್ಣಿಗೆ ಬೀಳ್ತೈತೆ, ಪೆಟ್ಟಿಗೆಯಾಗಿಟ್ರೆ ಬೀಗದ ಕೈ ನಿನ್ನ ಹತ್ರ. ಹಗೇವು ಒಂದೇ ನೀನು ನೋಡ್ದೇ ಇರೋ ಜಾಗ. ಕಾಳು ಇಡ್ತಿದ್ದ ಜಾಗ, ಮೈಲಿಗೆ ಇಲ್ಲ. ಅಲ್ಲಿಟ್ಟೆ. ಏನ್ ತಪ್ಪಾಯ್ತು?"

ಮಣ್ಣಿನೊಳಗಿನ ಮುಚ್ಚಿದ ಗುಂಡಿ. ನೆಲದಿಂದ ಬರುವ ಅನಿಲಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಡ. ಅದಕ್ಕೇ ಫಿಲ್ಮಿನ ತುಂಬ ಗುಳಿ. ನನಗೆ ನಗು ತಡೆಯಲಿಕ್ಕಾಗಲಿಲ್ಲ. ಮಂಗಳಕ್ಕನನ್ನು ನೋಡಿದೆ. ಅವಳು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಅಮ್ಮನನ್ನೇ ನೋಡುತ್ತಿದ್ದಳು.

"ಸರಿ, ಗಾಳಿ ಚೆನ್ನಾಗೈತಲ್ಲ" ಎಂದರು ಸಣ್ಣಪ್ಪ. "ಮುಗೀತು. ಇನ್ನ ಹೊರಡ್ರಿ."

"ಮುಗೀಲಿಲ್ಲ" ಎಂದಳು ಮಂಗಳಕ್ಕ. "ಒಂದು ಗಂಟೆ ಲೆಕ್ಕ ಸಾಲಲ್ಲ ಅಪ್ಪ. ಗಾಳಿ ಹೊತ್ತೊತ್ತಿಗೂ ಬದ್ಲಾಗ್ತೈತೆ. ಮಳೆ, ಚಳಿ, ಬಾಗ್ಲು ಮುಚ್ಚಿದಾಗ, ತೆಗೆದಾಗ. ನಿಜವಾಗ್ಲೂ ಗೊತ್ತಾಗ್ಬೇಕು ಅಂದ್ರೆ ಡಬ್ಬಿ ಕೋಣೆಯಾಗೆ ಮೂರು ತಿಂಗ್ಳು ಇರ್ಬೇಕು. ಫಾಜಿಲ್ ಕಟ್ಲಿ. ಆಮೇಲೆ ನಾವು ಹೋಗ್ತೀವಿ."

ಸಣ್ಣಪ್ಪ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೂ ಮಂಗಳಕ್ಕನ ಕೈ ಎದೆಯ ಹತ್ತಿರ ಮುಷ್ಟಿಯಾಗಿತ್ತು. ಅವರು ಹಾರೆಯನ್ನು ಅಲ್ಲಾಡಿಸಿ ಇನ್ನಷ್ಟು ಆಳಕ್ಕೆ ನೆಟ್ಟು, ನನಗೆ ಹೇಳಿದರು:

"ಹೋದ್ಸಲ ನೀನು ಕಟ್ಟಿದ್ದಕ್ಕೆ ಡಬ್ಬಿ ಹಗೇವು ಸೇರ್ತು. ನಿನ್ನ ಕೈಯಾಗೆ ಆಗೋ ಕೆಲ್ಸ ಅಲ್ಲ ಇದು. ಗೊತ್ತಿರೋರು ಕಟ್ಲಿ."

ಯಾರೂ ಅಲ್ಲಾಡಲಿಲ್ಲ. ಅವರು ಹೊಸ್ತಿಲ ಕಡೆ ಬೆನ್ನು ಹಾಕಿ, ಕುಕ್ಕರುಗಾಲಿನಲ್ಲಿ ಕೂತು, ಸುಲಿದ ಕಾಯಿಗಳ ಜುಟ್ಟು ಸರಿಮಾಡತೊಡಗಿದರು. ಮಂಗಳಕ್ಕ ಚಪ್ಪಲಿ ಬಿಟ್ಟಳು. ಚೀಲದಿಂದ ಡಬ್ಬಿ ತೆಗೆದು, ಅಪ್ಪನ ಹಿಂದಿನಿಂದ ನಡೆದು, ಹೊಸ್ತಿಲು ದಾಟಿದಳು.

ನಾನು ಹೊರಗೇ ಉಳಿದೆ. ಒಳಗಿನಿಂದ ಮಣೆ ಎಳೆದ ಸದ್ದು, ಬಳೆಯ ಸದ್ದು ಬಂತು. ಮಾತು ಕೇಳಿಸಲಿಲ್ಲ. ಆಮೇಲೆ ಎಲ್ಲೋ ಹಿಂದೆ ಲೋಟ ತಾಗಿದ ಸದ್ದು. ಸಣ್ಣಪ್ಪ ಕಿವಿ ಕೊಟ್ಟಿದ್ದರೂ ಕೊಟ್ಟಿಲ್ಲದವರ ಹಾಗೆ ಕೂತಿದ್ದರು.

"ಹುಡ್ಗ, ಈ ಕೆಲ್ಸದಾಗೆ ನಿಮಗೆ ಏನೂ ಆಗಲ್ಲ ತಾನೆ? ಆ ಕೆಟ್ಟ ಗಾಳಿ ಗೀಳಿ?"

"ಡಬ್ಬಿ ಬರೀ ನೋಡ್ತೈತೆ ಯಜಮಾನ್ರೇ, ಅದ್ರಿಂದ ಏನೂ ಹೊರಗೆ ಬರಲ್ಲ."

"ಆ ಸೋಡಾ ನೀರಾಗೆ ಕೈ ಹಾಕಾಕಿಲ್ಲ ತಾನೆ?"

"ಗ್ಲೌಸ್ ಹಾಕ್ಕಳ್ತಾರೆ ಅಕ್ಕ."

"ಹೂಂ." ಇನ್ನೊಂದು ಕಾಯಿಯ ಜುಟ್ಟು ಸರಿಮಾಡುತ್ತಾ ಕೇಳಿದರು: "ಮೂರು ತಿಂಗ್ಳು ಅಂದ್ರೆ ಮೂರು ತಿಂಗ್ಳಾ? ಮಧ್ಯೆ ಬಂದು ನೋಡಾದು ಇರಲ್ವ? ದಾರ ಗೀರ ಹರಿದೈತಾ ಅಂತ?"

"ಇರ್ತೈತೆ! ತಿಂಗ್ಳಿಗೊಂದ್ಸಲ ಬಂದು ನೋಡ್ಲೇಬೇಕು!" ಎಂದೆ ನಾನು. ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದಕ್ಕೆ ನನಗೇ ಖುಷಿಯಾಯಿತು.

ಅಷ್ಟರಲ್ಲಿ ಮಂಗಳಕ್ಕ ಹೊರಗೆ ಬಂದಿದ್ದಳು. ಕೇಳಿಸಿಕೊಂಡಿದ್ದಳು. ಕಣ್ಣು ಕೆಂಪಾಗಿದ್ದವು. ನಾನು ಅವಳಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನನ್ನೂ, ಅಪ್ಪನ ಬೆನ್ನನ್ನೂ ನೋಡಿದಳು.

"ಇಲ್ಲ ಅಪ್ಪ. ಅವ್ನು ಸುಮ್ನೆ ಹೇಳ್ತಾನೆ. ಮಧ್ಯೆ ಯಾರೂ ಬರಂಗಿಲ್ಲ, ಮುಟ್ಟಂಗಿಲ್ಲ. ಮೂರು ತಿಂಗ್ಳಿಗೇ."

ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ! ಆದರೆ ಅವಳು ಹೇಳಿದ್ದು ಡಬ್ಬಿಯ ನಿಯಮ. ಆರು ವರ್ಷ ಕಾದವಳು ಅದೊಂದನ್ನು ಮುರಿಯಲಿಲ್ಲ.

ಸಣ್ಣಪ್ಪ ಎದ್ದು ಮೊದಲ ಸಲ ಅವಳ ಮುಖ ನೋಡಿದರು. ಬಾ ಎನ್ನಲಿಲ್ಲ. ಇರು ಎನ್ನಲಿಲ್ಲ. "ಹಂಗಾರೆ ಮೂರು ತಿಂಗ್ಳಿಗೆ" ಎಂದರು. "ಈ ಸಲ ಹಗೇವಿನ ಕಲ್ಲಿಗೆ ನಾನೇ ಮಣ್ಣು ಮೆತ್ತಿಸ್ತೀನಿ." ಆಮೇಲೆ ಸುಲಿದ ಕಾಯಿಗಳನ್ನು ಮಂಕರಿಗೆ ತುಂಬಿಕೊಂಡು ಹಿತ್ತಲ ಕಡೆ ಹೋದರು. ಮುದ್ದಕ್ಕ ಹೊಸ್ತಿಲ ಮೇಲೆ ನಿಂತೇ ಇದ್ದರು, ನಾವು ಬೀದಿ ತಿರುಗುವವರೆಗೂ.

ಬಸ್ಸಿನಲ್ಲಿ ಕೇಳಿದೆ: "ಅಮ್ಮ ಏನಂದ್ರು?"

"ಏನೂ ಇಲ್ಲ. ಮಣೆ ಅಲ್ಲಾಡ್ದಂಗೆ ನನ್ನ ಕಾಲು ಹಿಡ್ಕಂಡಿದ್ರು. ಡಬ್ಬಿ ಕಟ್ಟಿದ ಮೇಲೂ ಬಿಡ್ಲಿಲ್ಲ. ನಾನೂ ಇಳೀಲಿಲ್ಲ."

"ಸುಳ್ಳು ಹೇಳಿದ್ರೆ ಬರೋ ತಿಂಗ್ಳೂ ಹೋಗ್ಬೋದಿತ್ತಲ್ಲ ಅಕ್ಕ."

"ಹೋಗ್ಬೋದಿತ್ತು." ಹೊಲದಾಚೆ ತೆಂಗಿನ ಸಾಲು ಹಿಂದೆ ಸರಿಯುತ್ತಿತ್ತು. ಅವಳು ಅದನ್ನೇ ನೋಡುತ್ತಾ ಹೇಳಿದಳು: "ಗಾಳಿ ಕೆಟ್ಟೈತೆ ಅಂತ ನಾಳೆ ನಿಜವಾಗ್ಲೂ ಗೊತ್ತಾದ್ರೆ, ಅಪ್ಪ ನನ್ನ ಮಾತು ನಂಬ್ಬೇಕಲ್ಲೋ."

ಸಂಜೆ ಬೆಳಕಿರುವಾಗಲೇ ಚಿತ್ರದುರ್ಗದಲ್ಲಿ ಇಳಿದೆವು. ಮೀಟರ್ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡುವಾಗ ಕಂಡೆ, ಅವಳ ಕೂದಲಿನಲ್ಲಿ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ತೊಲೆಗೆ ಡಬ್ಬಿ ಕಟ್ಟುವಾಗ ಹತ್ತಿದ ಇಲ್ಲಣ, ಹೊಗೆ ಕೂತು ಕೂತು ಜೋತಾಡುವ ಮಸಿ.

"ಅಕ್ಕಾ, ತಲೆ ಮೇಲೆ ಇಲ್ಲಣ ಐತೆ. ತಡೀರಿ, ತೆಗೀತೀನಿ."

"ಬ್ಯಾಡ" ಎಂದಳು. ಕೈಯೆತ್ತಿ, ಎಲ್ಲಿದೆ ಎಂದು ಬೆರಳ ತುದಿಯಲ್ಲಿ ಮುಟ್ಟಿ ನೋಡಿಕೊಂಡಳು. ಆಮೇಲೆ ಸೆರಗು ತಲೆಗೆ ತಾಗದ ಹಾಗೆ ಹೆಗಲಿಗೆ ಬಿಗಿದುಕೊಂಡು, ನೆಟ್ಟಗೆ ತಲೆ ಇಟ್ಟುಕೊಂಡು ಮನೆಯ ಕಡೆ ನಡೆದಳು.